ಹಳೆಯ ಬೋಟು ಕೊಳ್ಳುವಾಗ ಮೊದಲು ಒಡಲು, ಆಮೇಲೆ ಎಂಜಿನ್

ಬಯಲುಸೀಮೆಯ ಒಣಬೇಸಾಯದವನು ಬೋಟಿನ ವಿಷಯ ಬರೆಯುತ್ತಿದ್ದಾನಲ್ಲ ಎಂದು ನಗಬೇಡಿ. ನಮ್ಮ ಹಾವೇರಿ, ಗದಗ, ಕೊಪ್ಪಳದ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಕರಾವಳಿಗೆ ದುಡಿಯಲು ಹೋದ ಹುಡುಗರು ಎಷ್ಟೋ ಜನ ಬೋಟುಗಳಲ್ಲೇ ಕೆಲಸ ಹಿಡಿದಿದ್ದಾರೆ. ಆ ಕಡೆ ಹೊಳೆಯಂಚಿಗೆ ಐದಾರು ತೆಂಗು, ಒಂದಿಷ್ಟು ಗದ್ದೆ ಇರುವ ಸಣ್ಣ ರೈತರೂ ಬಂದ ಪ್ರವಾಸಿಗರನ್ನು ಅಳಿವೆಯ ತನಕ ಸುತ್ತಾಡಿಸಿ ನಾಲ್ಕು ಕಾಸು ನೋಡುತ್ತಿದ್ದಾರೆ. ಹೊಸ ಬೋಟು ಕೊಳ್ಳುವ ತಾಕತ್ತು ಇಬ್ಬರಿಗೂ ಇಲ್ಲ. ಯಾರೋ ಓಡಿಸಿ ಬಿಟ್ಟದ್ದನ್ನೇ ನೋಡಬೇಕು. ಹಳೆಯ ಟ್ರ್ಯಾಕ್ಟರ್, ಹಳೆಯ ಪಂಪ್‌ಸೆಟ್ ಕೊಳ್ಳುವುದು ನಮಗೆ ಹೊಸದಲ್ಲ. ಆದರೆ ಟ್ರ್ಯಾಕ್ಟರ್ ಕೆಟ್ಟರೆ ಹೊಲದಲ್ಲಿ ನಿಲ್ಲುತ್ತದೆ. ಬೋಟು ಕೆಟ್ಟರೆ ನಿಲ್ಲಲು ನೆಲ ಇಲ್ಲ. ಅಷ್ಟೇ ವ್ಯತ್ಯಾಸ, ಆದರೆ ನೋಡುವ ಕ್ರಮವೇ ಅದರಿಂದ ಬದಲಾಗುತ್ತದೆ.

ನಮ್ಮ ಅಕ್ಕನ ಮಗ ಎಂಟು ವರ್ಷದಿಂದ ಕರಾವಳಿಯಲ್ಲಿದ್ದಾನೆ. ಮೊದಲು ಮಲ್ಪೆಯಲ್ಲಿ ಮೀನು ಬೋಟು, ಆಮೇಲೆ ನಾಲ್ಕು ವರ್ಷ ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ಮಾಲೀಕರೊಬ್ಬರ ಬೋಟಿಗೆ ಚಾಲಕ. 2023ರ ದಸರಾ ಹೊತ್ತಿಗೆ ಸ್ವಂತದ್ದೊಂದು ಮಾಡಬೇಕು ಎಂದು ಹಠ ಹಿಡಿದ. ಕೈಯಲ್ಲಿ 2 ಲಕ್ಷ 60 ಸಾವಿರ ಇತ್ತು. ಅಕ್ಕ ತನ್ನ ಬಂಗಾರ ಸೊಸೈಟಿಯಲ್ಲಿಟ್ಟು 1 ಲಕ್ಷ 60 ಸಾವಿರ ತೆಗೆದುಕೊಡಲು ಒಪ್ಪಿದಳು. ಆದರೆ ಎರಡು ಬೋಟು ಕಣ್ಣಿಗೆ ಬಿದ್ದಿದ್ದವು, ಯಾವುದು ಎಂದು ತೀರ್ಮಾನ ಆಗಿರಲಿಲ್ಲ. ನಾನು ಇಪ್ಪತ್ತೈದು ವರ್ಷದಿಂದ ಊರಿನ ಡೀಸೆಲ್ ಪಂಪುಗಳನ್ನು ಬಿಚ್ಚಿ ಕೂಡಿಸುತ್ತ ಬಂದವನು. "ಮಾಮಾ, ನೀವ ಬಂದು ಒಮ್ಮೆ ಎಂಜಿನ್ ನೋಡ್ರಿ" ಅಂದ. ಹತ್ತಿ ಬಿಡಿಸುವುದು ಒಂದು ಸುತ್ತು ಮುಗಿದಿತ್ತು, ಹೋದೆ. ನಾಲ್ಕು ದಿನ ಅಲ್ಲಿದ್ದು, ಅಲ್ಲಿಯ ಬೋಟು ಕಟ್ಟುವ ಮೇಸ್ತ್ರಿಗಳನ್ನೂ ಮೆಕ್ಯಾನಿಕ್‌ರನ್ನೂ ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು 26 ಅಡಿ ಉದ್ದದ ಫೈಬರ್ ದೋಣಿ. ಹತ್ತು ವರ್ಷ ಮೀನು ಹಿಡಿದದ್ದು. ಆಮೇಲೆ ಅದಕ್ಕೆ ಅಡ್ಡ ಬೆಂಚು ಹಾಕಿ, ಕಬ್ಬಿಣದ ಪೈಪಿನ ಚೌಕಟ್ಟು ನಿಲ್ಲಿಸಿ, ಮೇಲೆ ತಗಡು ಹೊದಿಸಿ ಪ್ರವಾಸಿ ಬೋಟು ಮಾಡಿದ್ದರು. ನೀಲಿ ಬಿಳಿ ಬಣ್ಣ ಫಳಫಳ ಅನ್ನುತ್ತಿತ್ತು. ಹಿಂದೆ 40 ಹೆಚ್.ಪಿ.ಯ ಎರಡು ಸ್ಟ್ರೋಕ್ ಎಂಜಿನ್, ಎರಡೇ ವರ್ಷ ಹಳೆಯದು. ಹೇಳಿದ ಬೆಲೆ 3 ಲಕ್ಷ 60 ಸಾವಿರ. ಎರಡನೆಯದು ತದಡಿಯ ಹತ್ತಿರ ಇತ್ತು. 19 ಅಡಿ ಉದ್ದ, ಮೊದಲಿನಿಂದಲೂ ಜನ ಕೂರಿಸಲಿಕ್ಕೇ ಮಾಡಿದ್ದು, ಏಳು ವರ್ಷದ್ದು. ಬಣ್ಣ ಮಾಸಿತ್ತು, ಸೀಟಿನ ರೆಕ್ಸಿನ್ ಹರಿದಿತ್ತು. 25 ಹೆಚ್.ಪಿ.ಯ ನಾಲ್ಕು ಸ್ಟ್ರೋಕ್ ಎಂಜಿನ್, ಅದಕ್ಕೂ ಏಳು ವರ್ಷ. ಕೇಳಿದ್ದು 4 ಲಕ್ಷ 10 ಸಾವಿರ.

ಅಳಿಯನ ಮನಸ್ಸು ಮೊದಲನೆಯದರ ಮೇಲೆ. ಅವನ ಲೆಕ್ಕ ಸರಳ. "ದೊಡ್ಡದ್ರಾಗ ಹದಿನಾಕು ಮಂದಿ ಕೂಡ್ತಾರ್ರೀ ಮಾಮಾ, ಸಣ್ಣದ್ರಾಗ ಎಂಟ ಮಂದಿ. ತಲಿಗೆ ಇನ್ನೂರ ಅಂದ್ರ ಒಂದ ಸುತ್ತಿಗೆ ಸಾವಿರದಾ ಇನ್ನೂರು ರೂಪಾಯಿ ಫರಕ್ ಬೀಳತೈತಿ." ದೊಡ್ಡದು, ಎಂಜಿನ್ ಹೊಸದು, ಬೆಲೆಯೂ ಕಡಿಮೆ. ಯಾರಾದರೂ ಅದನ್ನೇ ಹಿಡಿಯುತ್ತಾರೆ.

ಚಕ್ಕಡಿಯ ಲೆಕ್ಕ

ಚಕ್ಕಡಿಗೆ ಹತ್ತು ಚೀಲ ಜೋಳ ಹೇರಿ ಒಡ್ಡು ದಾಟಿಸಿ ನೋಡಿ, ಏನೂ ಆಗುವುದಿಲ್ಲ. ಅಷ್ಟೇ ತೂಕದ ಕಣಿಕಿಯನ್ನು ಆಳೆತ್ತರ ಮೇಲೆ ಹೇರಿ ಅದೇ ಒಡ್ಡು ದಾಟಿಸಿ, ಒಂದು ಗಾಲಿ ಏರಿದ ಕೂಡಲೇ ಚಕ್ಕಡಿ ಮಗ್ಗಲಾಗುತ್ತದೆ. ತೂಕ ಅಷ್ಟೇ, ಎತ್ತರ ಬೇರೆ. ಬೋಟಿನ ಕತೆಯೂ ಇದೇ.

ಮೀನಿನ ದೋಣಿಯನ್ನು ಕಟ್ಟುವಾಗ ಮೇಸ್ತ್ರಿಯ ತಲೆಯಲ್ಲಿ ಇರುವುದು ಬಲೆ, ಮೀನು, ಮಂಜುಗಡ್ಡೆ. ಇವೆಲ್ಲ ತಳದಲ್ಲಿ ಕೂರುತ್ತವೆ, ಇಟ್ಟಲ್ಲೇ ಇರುತ್ತವೆ. ಅದೇ ದೋಣಿಗೆ ಬೆಂಚು ಹಾಕಿದರೆ ಭಾರ ಎರಡಡಿ ಮೇಲೆ ಬಂತು. ಕಬ್ಬಿಣದ ಚೌಕಟ್ಟು, ತಗಡು ಹಾಕಿದರೆ ಇನ್ನೂ ಮೇಲೆ. ಅದರ ಮೇಲೆ ಜನ ಸುಮ್ಮನೆ ಕೂರುವುದಿಲ್ಲ. ಹದ್ದೊಂದು ಮೀನು ಎತ್ತಿದರೆ ಸಾಕು, ಎಲ್ಲರೂ ಮೊಬೈಲ್ ಹಿಡಿದು ಒಂದೇ ಮಗ್ಗಲಿಗೆ ಬರುತ್ತಾರೆ. ಬಲೆ ಎಂದಾದರೂ ಹಾಗೆ ಎದ್ದು ಬರುತ್ತದೆಯೇ?

ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 2023ರ ಮೇ 7ರ ಸಂಜೆ ಮುಳುಗಿದ ಪ್ರವಾಸಿ ಬೋಟು ಮೂಲದಲ್ಲಿ ಮೀನಿನ ಬೋಟು. ಅದನ್ನು ಮಾರ್ಪಡಿಸಿ ಜನ ತುಂಬುತ್ತಿದ್ದರು. 22 ಜನ ಸತ್ತರು, ಅದರಲ್ಲಿ ಮಕ್ಕಳೇ ಹೆಚ್ಚು. ನಮ್ಮ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ಬೋಟು ಮಗುಚಿ 16 ಜನ ಹೋದರು. ಅದರಲ್ಲಿ ನಮ್ಮ ಹಾವೇರಿ ಜಿಲ್ಲೆಯವರೂ ಇದ್ದರು. ನೀರು ಕಾಣದ ಊರಿನಿಂದ ದೇವರಿಗೆಂದು ಹೋದವರು. ಅಕ್ಕ ಬಂಗಾರ ಕೊಡುವಾಗ ನನ್ನನ್ನು ಬದಿಗೆ ಕರೆದು ಹೇಳಿದ್ದು ಒಂದೇ ಮಾತು: "ರೊಕ್ಕ ಹೋದ್ರ ಹೋಗ್ಲಿ ತಮ್ಮಾ, ಇವನ ಕೈಯಾಗ ಮಂದೀ ಮಕ್ಕಳು ಸಾಯಬಾರದು."

ಬೋಟಿನ ಸ್ಥಿರತೆಯನ್ನು ತಿಳಿಯಲು ಅಳತೆ ಪಟ್ಟಿಯೇ ಮೊದಲ ಸಾಧನ. ಮೇಸ್ತ್ರಿಯೊಬ್ಬರು ಒಂದು ಲೆಕ್ಕ ಹೇಳಿಕೊಟ್ಟರು. ದೋಣಿ ಓರೆಯಾಗದಂತೆ ಅದರ ಆಕಾರ ಕೊಡುವ ಬಲ, ಉದ್ದ ಎರಡು ಪಟ್ಟು ಮಾಡಿದರೆ ಎರಡು ಪಟ್ಟಷ್ಟೇ ಆಗುತ್ತದೆ. ಅಗಲ ಎರಡು ಪಟ್ಟು ಮಾಡಿದರೆ ಎಂಟು ಪಟ್ಟಾಗುತ್ತದೆ. ಅಂದ್ರೆ ಉದ್ದ ನೋಡಿ ಮರುಳಾಗಬಾರದು, ಅಗಲ ನೋಡಬೇಕು. ನಾವು ಅಳೆದಾಗ 26 ಅಡಿಯದರ ಅಗಲ 5 ಅಡಿಗೆ ಸ್ವಲ್ಪ ಕಡಿಮೆ, 19 ಅಡಿಯದರ ಅಗಲ ಆರೂವರೆ ಅಡಿ. ಸಣ್ಣದು ಅಂದುಕೊಂಡದ್ದೇ ಕಾಲು ಅಗಲಿಸಿ ನಿಂತ ಹಾಗಿತ್ತು.

ಲೆಕ್ಕ ನಂಬದಿದ್ದರೆ ಪರೀಕ್ಷೆ ಮಾಡಿ. ಸೊಂಟಮಟ್ಟ ನೀರಿರುವ, ಅಲೆ ಇಲ್ಲದ ಜಾಗದಲ್ಲಿ ದಂಡೆಗೆ ಹಗ್ಗ ಕಟ್ಟಿ, ಈಜು ಬರುವವರನ್ನೇ ಜಾಕೆಟ್ ಹಾಕಿಸಿ ಕೂರಿಸಿ. ತಲೆಗೆ 75 ಕೆ.ಜಿ. ಹಿಡಿಯುವುದು ವಾಡಿಕೆ. ಜನ ಸಿಗದಿದ್ದರೆ ಮರಳಿನ ಚೀಲವನ್ನು ಬೆಂಚಿನ ಮೇಲಿಡಿ, ತಳದಲ್ಲಿ ಅಲ್ಲ. ಎಲ್ಲರೂ ಕೂತಾಗ ನೀರಿನಿಂದ ದೋಣಿಯ ಅಂಚಿನ ತನಕ ಎಷ್ಟು ಉಳಿಯಿತು ಅಳೆಯಿರಿ. ಆಮೇಲೆ ಅರ್ಧಕ್ಕಿಂತ ಹೆಚ್ಚು ಜನರನ್ನು ನಿಧಾನವಾಗಿ ಒಂದು ಮಗ್ಗಲಿಗೆ ಸರಿಸಿ ಮತ್ತೆ ಅಳೆಯಿರಿ. ನಾವು ಎರಡರಲ್ಲೂ ಒಂಬತ್ತು ಜನರನ್ನಿಟ್ಟು ಆರು ಜನರನ್ನು ಸರಿಸಿದೆವು. ಅಗಲದ ಬೋಟಿನಲ್ಲಿ ಒಂದು ಗೇಣಿಗೂ ಮಿಕ್ಕಿ ಅಂಚು ಉಳಿಯಿತು. ಉದ್ದದ್ದರಲ್ಲಿ ನಾಲ್ಕು ಬೆರಳು, ಅದೂ ಮೇಲಿನ ತಗಡು ಓಲಾಡುತ್ತ. ಹದಿನಾಲ್ಕು ಜನ ಇದ್ದಿದ್ದರೆ? ಮಾರುವವರು "ಹಾಗೆಲ್ಲ ಯಾರು ಒಂದೇ ಬದಿ ಬರ್ತಾರೆ ಮಾರಾಯ್ರೆ" ಅಂದರು. ಅಳಿಯ ಏನೂ ಅನ್ನಲಿಲ್ಲ. ನಾಲ್ಕು ವರ್ಷ ಪ್ರವಾಸಿಗರನ್ನು ಹೊತ್ತವನು, ಅವನಿಗೆ ಗೊತ್ತು.

ಇನ್ನೊಂದು ಮಾತು. ಬೋಟಿನೊಳಗೆ ನಿಂತ ನೀರು ಸಹ ಅಪಾಯವೇ. ಬರಗಾಲದಲ್ಲಿ ಅರ್ಧ ತುಂಬಿದ ನೀರಿನ ಟ್ಯಾಂಕರ್ ಎಳೆದವರಿಗೆ ಇದು ತಿಳಿಯುತ್ತದೆ. ತುಂಬಿದ ಟ್ಯಾಂಕರ್ ತಿರುವಿನಲ್ಲಿ ಗಟ್ಟಿಯಾಗಿ ಬರುತ್ತದೆ, ಅರ್ಧ ತುಂಬಿದ್ದು ಟ್ರ್ಯಾಕ್ಟರನ್ನೇ ಎಳೆದಾಡುತ್ತದೆ. ಬೋಟು ಓರೆಯಾದ ಕಡೆಗೇ ತಳದ ನೀರೆಲ್ಲ ಓಡುತ್ತದೆ, ಓರೆ ಇನ್ನೂ ಹೆಚ್ಚುತ್ತದೆ. ಆದ್ದರಿಂದ ತಳದ ನೀರು ತೆಗೆಯುವ ಪಂಪು ಕೆಲಸ ಮಾಡುತ್ತದೆಯೇ, ಅದು ಕೆಟ್ಟಾಗ ತೋಡಲು ಒಂದು ಬಕೆಟ್ಟಾದರೂ ಇದೆಯೇ ನೋಡಬೇಕು.

ಒಡಲು ನೋಡುವ ಕ್ರಮ

ನೀರಿನಲ್ಲಿ ತೇಲುವ ಬೋಟು ತೋರಿಸಿದರೆ ಒಪ್ಪಬೇಡಿ. ಕೆಸರಿನಲ್ಲಿ ನಿಂತ ಎತ್ತಿನ ಗೊರಸು ಕಾಣುವುದಿಲ್ಲ. ದಂಡೆಗೆ ಎಳೆಸಿ, ಒಂದು ದಿನ ಒಣಗಲು ಬಿಟ್ಟು, ಬಿಸಿಲಿನಲ್ಲಿ ನೋಡಿ. ಎಳೆದ ಕೂಡಲೇ ತಳದ ಬಿರಡೆ ತೆಗೆಸಿ ಎಷ್ಟು ನೀರು ಸುರಿಯುತ್ತದೆ ಗಮನಿಸಿ. ಹೊರತಳ ಮತ್ತು ಮೇಲಿನ ಹಾಸಿನ ನಡುವೆ ಕೆಲವು ಬೋಟುಗಳಲ್ಲಿ ಫೋಮ್ ತುಂಬಿರುತ್ತಾರೆ. ಅದು ವರ್ಷಗಟ್ಟಲೆ ನೀರು ಕುಡಿದಿದ್ದರೆ ಬೋಟು ಕಾಣದೆಯೇ ಭಾರವಾಗಿರುತ್ತದೆ.

ಫೈಬರ್ ಅಂದ್ರೆ ಗಾಜಿನ ನೂಲಿನ ಚಾಪೆಗೆ ಅಂಟು ಕುಡಿಸಿ ಪದರ ಪದರವಾಗಿ ಕೂಡಿಸಿದ್ದು. ಹೊರಗೆ ನುಣುಪಾದ ಒಂದು ಹೊದಿಕೆ. ಆ ಹೊದಿಕೆಯಲ್ಲಿ ಮಾತ್ರ ಜೇಡರ ಬಲೆಯಂಥ ಸಣ್ಣ ಬಿರುಕಿದ್ದರೆ ಹೆದರಬೇಕಾಗಿಲ್ಲ. ಒಂದೇ ಗೆರೆಯಾಗಿ, ಮೂಲೆಯಿಂದ ಹೊರಟು ಉದ್ದಕ್ಕೆ ಸಾಗಿದ ಬಿರುಕು, ಬೆರಳಿಂದ ಒತ್ತಿದರೆ ಅಲುಗುವ ಜಾಗ, ಇವು ಒಳಗಿನ ಪೆಟ್ಟು. ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಾರಿಸಿ ನೋಡುತ್ತೇವಲ್ಲ, ಹಾಗೆ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಇಡೀ ತಳವನ್ನು ಗೇಣಿಗೊಂದು ಸಲ ಬಾರಿಸುತ್ತ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ. ಪದರ ಬಿಟ್ಟಲ್ಲಿ, ಒಳಗಿನ ಕಟ್ಟಿಗೆ ಕೊಳೆತಲ್ಲಿ ಬೊದ್ ಅನ್ನುತ್ತದೆ. ಸದ್ದು ಬದಲಾದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ತಳದಲ್ಲಿ ಸಣ್ಣ ಗುಳ್ಳೆಗಳಿದ್ದರೆ ಒಂದನ್ನು ಒಡೆದು ಮೂಸಿ; ಹುಳಿ ವಾಸನೆಯ ನೀರು ಬಂದರೆ ಫೈಬರ್ ಒಳಗೆ ನೀರು ಹೊಕ್ಕಿದೆ. ಹೊಸ ಬಣ್ಣ ಬಳಿದ ಬೋಟಿನಲ್ಲಿ ಇದೆಲ್ಲ ಮುಚ್ಚಿರುತ್ತದೆ. ಮಾರುವ ತಿಂಗಳಲ್ಲೇ ಬಣ್ಣ ಕಂಡದ್ದು ಎತ್ತಿಗಾದರೂ ಬೋಟಿಗಾದರೂ ಅನುಮಾನದ ವಿಷಯ.

ಎಲ್ಲಕ್ಕಿಂತ ಮುಖ್ಯ ಹಿಂಬದಿಯ ಅಡ್ಡ ಹಲಗೆ. ಅಲ್ಲಿಯವರು ಟ್ರಾನ್ಸಮ್ ಅನ್ನುತ್ತಾರೆ. ಈ ಬೋಟುಗಳ ಎಂಜಿನ್ ಒಳಗೆ ಇರುವುದಿಲ್ಲ, ಈ ಹಲಗೆಗೆ ಬೋಲ್ಟ್ ಹಾಕಿ ಹೊರಗೆ ತೂಗುಬಿಟ್ಟಿರುತ್ತಾರೆ. ಅದಕ್ಕೇ ಔಟ್‌ಬೋರ್ಡ್ ಎಂದು ಹೆಸರು. ಎಂಜಿನ್ನಿನ ತೂಕ, ತಳ್ಳುವ ಬಲ, ಅಲೆಯ ಕುಲುಕಾಟ ಎಲ್ಲವನ್ನೂ ಹೊರುವುದು ಈ ಒಂದು ಹಲಗೆ. ಸಾಮಾನ್ಯವಾಗಿ ಇದರೊಳಗೆ ಪ್ಲೈವುಡ್ ಇಟ್ಟು ಎರಡೂ ಕಡೆ ಫೈಬರ್ ಹೊದಿಸಿರುತ್ತಾರೆ. ಬೋಲ್ಟಿನ ತೂತಿಗೆ ಅಂಟು ಸರಿಯಾಗಿ ತುಂಬದಿದ್ದರೆ ಅಲ್ಲಿಂದ ನೀರು ಇಳಿದು ಪ್ಲೈವುಡ್ ಒಳಗಿಂದೊಳಗೇ ಕೊಳೆಯುತ್ತದೆ. ಹೊರಗೆ ಫೈಬರ್ ಮಿಂಚುತ್ತಿರುತ್ತದೆ. ಗೆದ್ದಲು ತಿಂದ ಬಾಗಿಲಿನಂತೆ, ಬಣ್ಣ ಮಾತ್ರ ನಿಂತಿರುತ್ತದೆ.

ಇದನ್ನು ಹೀಗೆ ನೋಡಬೇಕು. ಎಂಜಿನ್ನನ್ನು ಅರ್ಧ ಮೇಲಕ್ಕೆ ಬಾಗಿಸಿ ನಿಲ್ಲಿಸಿ, ಅದರ ಕೆಳಗಿನ ಕಾಲಿನ ಮೇಲೆ ನಿಮ್ಮ ಭಾರ ಹಾಕಿ ಮೆಲ್ಲಗೆ ಒತ್ತಿ ಬಿಡಿ. ಇನ್ನೊಬ್ಬರು ಪಕ್ಕದಲ್ಲಿ ಕೂತು ಹಲಗೆಯನ್ನೇ ನೋಡುತ್ತಿರಲಿ. ಹಲಗೆ ಒಂದಿಷ್ಟೂ ಬಾಗಬಾರದು. ಅದು ಮತ್ತು ಮಗ್ಗಲಿನ ಗೋಡೆ ಕೂಡುವ ಮೂಲೆಗಳಲ್ಲಿ ಬಿರುಕು ಬಾಯಿ ತೆರೆಯಬಾರದು. ಬೋಲ್ಟಿನ ತೂತಿನಿಂದ ಕಂದು ಬಣ್ಣದ ನೀರಿನ ಕರೆ ಇಳಿದಿದ್ದರೆ ಒಳಗೆ ಕಟ್ಟಿಗೆ ಕೊಳೆಯುತ್ತಿದೆ. ಅನುಮಾನ ಉಳಿದರೆ ಮಾರುವವರನ್ನು ಕೇಳಿ, ಒಳಮಗ್ಗಲಿಂದ ಒಂದು ಸ್ಕ್ರೂ ಬಿಚ್ಚಿಸಿ ಆ ತೂತಿಗೆ ದಬ್ಬಣ ಹಾಕಿ. ಒಣ, ಬಿಳಿಚು ಪುಡಿ ಬಂದರೆ ಸರಿ. ಕಪ್ಪು, ಹಸಿ ಪುಡಿ ಬಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಮೊದಲ ಬೋಟಿನ ಹಲಗೆ ಒತ್ತಿದಾಗ ಬಾಗಿತು. ಹೆಚ್ಚಿಲ್ಲ, ಒಂದು ಕಾಳಿನಷ್ಟು. ಸ್ಕ್ರೂ ಬಿಚ್ಚಲು ಕೇಳಿದ್ದಕ್ಕೆ ಮಾರುವವರಿಗೆ ಸಿಟ್ಟು ಬಂತು. ಕೊನೆಗೆ ಬಿಚ್ಚಿದರು. ದಬ್ಬಣದ ತುದಿಗೆ ಅಂಟಿ ಬಂದದ್ದು ನೆನೆದ ಚಹಾಪುಡಿಯಂತಿತ್ತು. ಹಳೆಯ ಹಲಗೆಗೆ ಹೆಚ್ಚು ಶಕ್ತಿಯ ಹೊಸ ಎಂಜಿನ್ ತೂಗುಬಿಟ್ಟು ಎರಡು ವರ್ಷ ಓಡಿಸಿದ್ದರು. ಎಂಜಿನ್ ಏನೋ ಒಳ್ಳೆಯದೇ, ಸುಳ್ಳು ಹೇಳಬಾರದು. ಆದರೆ ಎಂಜಿನ್ ಬಿಚ್ಚಿ ಇನ್ನೊಂದು ಕಟ್ಟಬಹುದು, ಒಡಲು ಬಿಚ್ಚಲು ಬರುವುದಿಲ್ಲ. ಹಲಗೆ ಕಿತ್ತು ಹೊಸದು ಕೂಡಿಸಲು ಮೇಸ್ತ್ರಿ 75 ಸಾವಿರ ಮತ್ತು ಒಂದು ತಿಂಗಳು ಎಂದರು. ಆ ಒಂದು ತಿಂಗಳು ಡಿಸೆಂಬರ್. ವರ್ಷದ ಗಳಿಕೆಯ ತಿಂಗಳು.

ಉಪ್ಪುನೀರಿನ ಎಂಜಿನ್

ಎಂಜಿನ್ ವಿಷಯ ನಮ್ಮ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ಪಂಪ್‌ಸೆಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಮಾತ್ರ ಬರೆಯುತ್ತೇನೆ.

ನೋಡಲು ಹೋದ ಕೂಡಲೇ ಎಂಜಿನ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ, ಇನ್ನೊಂದು ದಿನ ಹೇಳದೆ ಬನ್ನಿ. ತಣ್ಣಗಿದ್ದಾಗ ಹೇಗೆ ಹೊತ್ತುತ್ತದೆ ಎನ್ನುವುದೇ ಎಂಜಿನ್ನಿನ ಜಾತಕ.

ಔಟ್‌ಬೋರ್ಡಿಗೆ ರೇಡಿಯೇಟರ್ ಇಲ್ಲ. ಓಡುತ್ತಿರುವ ನೀರನ್ನೇ ಎಳೆದು ತಂಪು ಮಾಡಿಕೊಳ್ಳುತ್ತದೆ. ಎಳೆಯುವುದು ರಬ್ಬರಿನ ಒಂದು ಸಣ್ಣ ಚಕ್ರ. ಎಂಜಿನ್ ಓಡುವಾಗ ಹಿಂದಿನ ಸಣ್ಣ ತೂತಿನಿಂದ ನೀರಿನ ಧಾರೆ ಎಡೆಬಿಡದೆ ಬರುತ್ತಿರಬೇಕು. ಧಾರೆ ಸೊರಗಿದರೆ ರಬ್ಬರ್ ಸವೆದಿದೆ, ಇಲ್ಲವೇ ಉಪ್ಪು ಕಟ್ಟಿ ದಾರಿ ಮುಚ್ಚಿದೆ. ರಬ್ಬರ್ ಬದಲಿಸುವುದು ಸುಲಭ, ಉಪ್ಪು ಕಟ್ಟಿದ್ದು ಕಷ್ಟ. ದಿನಾ ಓಡಿಸಿದ ಮೇಲೆ ಸಿಹಿನೀರು ಹಾಯಿಸಿ ತೊಳೆಯುತ್ತಿದ್ದರೇ ಎಂದು ಕೇಳಿ, ಆ ನಲ್ಲಿ, ಪೈಪು ಎಲ್ಲಿದೆ ತೋರಿಸಿ ಅನ್ನಿ. ಪೈಪೇ ಇಲ್ಲದವರು ತೊಳೆದಿರುವುದಿಲ್ಲ.

ಎಂಜಿನ್ನಿನ ಕಾಲಿಗೆ ಸತುವಿನಂಥ ಲೋಹದ ಒಂದು ತುಂಡು ಕಟ್ಟಿರುತ್ತಾರೆ. ಉಪ್ಪುನೀರು ಎಂಜಿನ್ನಿನ ಲೋಹ ತಿನ್ನುವ ಬದಲು ಅದನ್ನು ತಿನ್ನಲಿ ಎಂದು. ಅದು ಸ್ವಲ್ಪ ಸವೆದಿದ್ದರೆ ಒಳ್ಳೆಯ ಲಕ್ಷಣ, ತನ್ನ ಕೆಲಸ ಮಾಡಿದೆ. ಅರ್ಧ ಸವೆದರೆ ಬದಲಿಸಬೇಕು. ತಿಳಿಯದವರು ಅದಕ್ಕೂ ಬಣ್ಣ ಬಳಿದಿರುತ್ತಾರೆ. ಬಣ್ಣ ಬಳಿದರೆ ಅದು ಇದ್ದೂ ಇಲ್ಲದಂತೆ.

ಗೇರಿನ ಎಣ್ಣೆಯನ್ನು ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಚಮಚದಷ್ಟು ಇಳಿಸಿ. ಮಜ್ಜಿಗೆಯಂತೆ ಬೆಳ್ಳಗಿದ್ದರೆ ಸೀಲಿನಿಂದ ನೀರು ಹೊಕ್ಕಿದೆ. ಕಂಪ್ರೆಶನ್ ಗೇಜು ಅಲ್ಲಿಯ ಮೆಕ್ಯಾನಿಕ್‌ರ ಹತ್ತಿರ ಇರುತ್ತದೆ, ಎಲ್ಲ ಸಿಲಿಂಡರಿಗೂ ಹಾಕಿಸಿ. ಒಂದಕ್ಕೊಂದು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಫರಕು ಇರಬಾರದು. ಎರಡು ಸ್ಟ್ರೋಕಿನದು ಪೆಟ್ರೋಲಿನೊಂದಿಗೆ ಎಣ್ಣೆ ಸುಡುವುದರಿಂದ ಸ್ವಲ್ಪ ನೀಲಿ ಹೊಗೆ ಸಹಜ. ನಾಲ್ಕು ಸ್ಟ್ರೋಕಿನದರಲ್ಲಿ ನೀಲಿ ಹೊಗೆ ಬಂದರೆ ರಿಂಗ್ ಸವೆದಿದೆ. ಚಾಲಕನ ಕೈಗೆ ಅಥವಾ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ದಾರ ಇರುತ್ತದೆ. ಅವನು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲಬೇಕು. ಎಳೆದು ನೋಡಿ. ಬಹಳ ಬೋಟುಗಳಲ್ಲಿ ಆ ದಾರ ಗೂಟಕ್ಕೆ ಸುತ್ತಿ ಬಿದ್ದಿರುತ್ತದೆ.

ಪೆಟ್ರೋಲಿನ ಲೆಕ್ಕವೂ ಬೇಕು. 40 ಹೆಚ್.ಪಿ. ಎಂಜಿನ್ ಪೂರ್ತಿ ವೇಗದಲ್ಲಿ ತಾಸಿಗೆ ಸುಮಾರು 15 ಲೀಟರ್ ಕುಡಿಯುತ್ತದೆ. 25 ಹೆಚ್.ಪಿ.ಯದು ಒಂಬತ್ತು ಹತ್ತು ಲೀಟರ್. ನಿಧಾನ ಓಡಿಸುವಾಗ ಹಳೆ ಮಾದರಿಯ ಎರಡು ಸ್ಟ್ರೋಕಿನಲ್ಲಿ ಸುಡದ ಪೆಟ್ರೋಲು ಹೊಗೆಯೊಂದಿಗೆ ಹೊರಗೆ ಹೋಗುತ್ತದೆ. ಕಾಂಡ್ಲಾ ಗಿಡಗಳ ನಡುವೆ ಹಕ್ಕಿ ತೋರಿಸುವವರು ಓಡಿಸುವುದೇ ನಿಧಾನ. ಆಗ ಲೀಟರಿಗೆ ನೂರು ದಾಟಿತ್ತು.

ಇಲ್ಲಿ ಅಳಿಯನ ಸಾವಿರದಾ ಇನ್ನೂರರ ಲೆಕ್ಕಕ್ಕೆ ಮತ್ತೆ ಬರೋಣ. "ನೀ ನಾಕು ವರ್ಷ ಓಡಿಸೀದಿ. ವಾರದಾಗ ಎಷ್ಟು ಸಲ ಹದಿನಾಕು ಮಂದಿ ಕೂಡೇ ಬಂದಾರ?" ಅಂತ ಕೇಳಿದೆ. ಯೋಚನೆ ಮಾಡಿದ. ಶನಿವಾರ, ಭಾನುವಾರ ಒಂದೆರಡು ಸಲ. ಉಳಿದ ದಿನ ಬರುವುದು ಗಂಡ ಹೆಂಡತಿ ಎರಡು ಮಕ್ಕಳು, ಹೆಚ್ಚೆಂದರೆ ಆರು ಜನ. ಆರು ಜನರಿಗೆ 40 ಹೆಚ್.ಪಿ. ಸುಡುವುದು, ಒಂದು ಚೀಲ ಗೊಬ್ಬರಕ್ಕೆ ಟ್ರಾಲಿ ಕಟ್ಟಿದ ಹಾಗೆ.

ಕಾಗದ

ಮೀನುಗಾರಿಕೆಗೆ ನೋಂದಾಯಿಸಿದ ಬೋಟು ಮೀನು ಹಿಡಿಯಲಿಕ್ಕೆ. ಆ ಕಾಗದದ ಮೇಲೆ ಪ್ರವಾಸಿಗರನ್ನು ಹೊರಲು ಬರುವುದಿಲ್ಲ. ಒಳನಾಡಿನ ನೀರಿನಲ್ಲಿ ಎಂಜಿನ್ ಬೋಟು ಓಡಿಸಲು ಈಗ 2021ರ ಒಳನಾಡು ಹಡಗುಗಳ ಕಾಯಿದೆ ಇದೆ. ಅದಕ್ಕೂ ಮೊದಲು ಇದ್ದದ್ದು 1917ರದ್ದು, ಬ್ರಿಟಿಷರ ಕಾಲದ್ದು. ನೋಂದಣಿ ಬೇಕು, ಸರ್ವೆ ಪ್ರಮಾಣಪತ್ರ ಬೇಕು, ವಿಮೆ ಬೇಕು, ಓಡಿಸುವವನಿಗೂ ಅರ್ಹತಾ ಪತ್ರ ಬೇಕು. ಸರ್ವೆ ಅಂದ್ರೆ ಹೊಲದ ಸರ್ವೆ ಅಲ್ಲ, ಬೋಟಿನ ಗಟ್ಟಿತನ, ಸಾಮಾನು, ಹೊರುವ ಶಕ್ತಿ ಪರೀಕ್ಷಿಸುವುದು. ಎಷ್ಟು ಜನ, ಯಾವ ವಲಯದ ನೀರು ಎಂದು ಅದರಲ್ಲೇ ಬರೆದಿರುತ್ತದೆ. ಹೊಳೆಗೆ ಕೊಟ್ಟದ್ದನ್ನು ಹಿಡಿದು ಸಮುದ್ರಕ್ಕೆ ಇಳಿಯುವಂತಿಲ್ಲ. ಅದಕ್ಕೆ ಕಾರಣವೂ ಇದೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಸಮುದ್ರದ ಅಲೆ ಒಳಗೆ ನುಗ್ಗುತ್ತದೆ, ಎರಡೂ ಅಳಿವೆಯ ಮರಳದಿಬ್ಬದ ಮೇಲೆ ಎದುರಾದಾಗ ಅಲೆ ಗೋಡೆಯಂತೆ ಏಳುತ್ತದೆ. ಬೆಳಿಗ್ಗೆ ಭರತದಲ್ಲಿ ಕನ್ನಡಿಯಂತಿದ್ದ ಜಾಗ ಮಧ್ಯಾಹ್ನ ಹಾಗಿರುವುದಿಲ್ಲ. ಹೊಳೆಯಲ್ಲಿ ಹುಟ್ಟಿ ಬೆಳೆದವರೂ ಅಲ್ಲಿ ಗಡಿಯಾರ ನೋಡಿಯೇ ಹೋಗುತ್ತಾರೆ.

ಮೊದಲ ಬೋಟಿಗೆ ಇದ್ದದ್ದು ಮೀನಿನ ಕಾಗದ ಮಾತ್ರ. "ನೀವು ತಗೊಂಡ ಮೇಲೆ ಮಾಡಿಸ್ಕೊಳ್ಳಿ" ಎಂದರು. ಎರಡನೆಯದಕ್ಕೆ ಚಾಲಕ ಬಿಟ್ಟು 8 ಜನ ಎಂದು ಪ್ರಮಾಣಪತ್ರ ಇತ್ತು. ಬೋಟಿನ ನಂಬರ್, ಎಂಜಿನ್ ಮೇಲೆ ಕೊರೆದ ನಂಬರ್ ಎರಡನ್ನೂ ಕಾಗದದೊಂದಿಗೆ ತಾಳೆ ನೋಡಿ, ಬಂದರು ಕಚೇರಿಯಲ್ಲೂ ಕೇಳಿ ಬಂದೆವು. ಕಳವಿನ ಎಂಜಿನ್ ಮಾರಾಟಕ್ಕೆ ಬರುವುದು ಪಂಪ್‌ಸೆಟ್ಟಿನಲ್ಲಿ ಮಾತ್ರ ಅಲ್ಲ.

ವ್ಯಾಪಾರ

ಎರಡನೆಯ ಬೋಟು ನಿರ್ದೋಷಿ ಏನಲ್ಲ. ಗೇರಿನ ಎಣ್ಣೆ ಮಜ್ಜಿಗೆಯಾಗಿತ್ತು. ನೀರಿನ ಧಾರೆ ಸೊರಗಿತ್ತು. ಪೆಟ್ರೋಲ್ ಪೈಪು ಬಿರಿದಿತ್ತು, ಬ್ಯಾಟರಿ ಸತ್ತಿತ್ತು. ಆದರೆ ಒಡಲು ಎಲ್ಲ ಕಡೆ ಟಣ್ ಅಂದಿತು, ಹಿಂದಿನ ಹಲಗೆ ಕಲ್ಲಿನಂತೆ ನಿಂತಿತ್ತು, ಕಂಪ್ರೆಶನ್ ಸಮ ಇತ್ತು. ಇದ್ದ ದೋಷಗಳನ್ನೆಲ್ಲ ಮೆಕ್ಯಾನಿಕ್ ಹತ್ತಿರ ಬರೆಸಿ, ಬೆಲೆ ಹಾಕಿಸಿ, ಆ ಚೀಟಿಯನ್ನೇ ಮಾರುವವರ ಮುಂದಿಟ್ಟೆವು. ಬಾಯಿಮಾತಿನ ಚೌಕಾಸಿಗಿಂತ ಚೀಟಿಗೆ ಬೆಲೆ ಜಾಸ್ತಿ. 3 ಲಕ್ಷ 70 ಸಾವಿರಕ್ಕೆ ಮುಗಿಯಿತು. ರಿಪೇರಿಗೆ 31 ಸಾವಿರ. ಹಳೆಯ ಜಾಕೆಟ್‌ಗಳನ್ನು ಒಂದೊಂದಾಗಿ ಹಾಕಿಕೊಂಡು ನೀರಿಗಿಳಿದು ನೋಡಿದ್ದಕ್ಕೆ ಅರ್ಧ ಜಾಕೆಟ್‌ಗಳ ಫೋಮ್ ಸತ್ತಿತ್ತು, ಗಲ್ಲದ ತನಕ ಮುಳುಗಿಸುತ್ತಿದ್ದವು. ಎಲ್ಲವನ್ನೂ ಬಿಟ್ಟು ಹೊಸದು ಹನ್ನೆರಡು, ಅದರಲ್ಲಿ ನಾಲ್ಕು ಮಕ್ಕಳ ಅಳತೆಯವು, 14,400. ಒಟ್ಟು 4 ಲಕ್ಷ 15 ಸಾವಿರದ 400. ಕೈಯಲ್ಲಿ ಉಳಿದದ್ದು ನಾಲ್ಕೂವರೆ ಸಾವಿರ ಚಿಲ್ಲರೆ. ಹೆಸರು ಬದಲಿಸುವ ಖರ್ಚಿಗೆ ನನ್ನ ಹತ್ತಿಯ ದುಡ್ಡು ಸ್ವಲ್ಪ ಹೋಯಿತು.

ಮೊದಲ ಬೋಟು ಅದೇ ತಿಂಗಳಲ್ಲಿ ಬೇರೆ ಯಾರಿಗೋ ಹೋಯಿತಂತೆ. ಯಾವ ಹೊಳೆಯಲ್ಲಿ ಓಡುತ್ತಿದೆಯೋ.

ಅಳಿಯ ಈಗ ಮೂರು ನಿಯಮ ಹಿಡಿದಿದ್ದಾನೆ. ಜಾಕೆಟ್ ಹಾಕದವರನ್ನು ಹತ್ತಿಸುವುದಿಲ್ಲ. ಒಂಬತ್ತನೆಯವರು ಎಷ್ಟು ಬೇಡಿದರೂ, ಮಗು ತೊಡೆಯ ಮೇಲೆ ಕೂರುತ್ತದೆ ಅಂದರೂ, ಇನ್ನೊಂದು ಸುತ್ತು. ಪೆಟ್ರೋಲ್ ಮೂರು ಪಾಲು, ಹೋಗಲು ಒಂದು, ಬರಲು ಒಂದು, ಮೂರನೆಯದು ಮುಟ್ಟುವಂತಿಲ್ಲ. ಮೊದಲ ಎರಡು ನಿಯಮದಿಂದ ರಜೆಯ ದಿನ ಗಿರಾಕಿ ಬಿಟ್ಟು ಹೋಗುವುದುಂಟು, ಅದೂ ನಿಜ. ಅಕ್ಕನ ಬಂಗಾರ 2025ರ ಯುಗಾದಿಗೆ ಬಿಡಿಸಿಕೊಂಡು ಬಂದ.

ಮಳೆಗಾಲದ ಜೋಪಾನದ ಬಗ್ಗೆ ಕೇಳುವವರಿಗೆ ಇಷ್ಟು. ಜೂನ್ ಬರುವ ಮೊದಲೇ ಬೋಟನ್ನು ದಂಡೆಗೆ ಎಳೆದು, ತಳದ ಬಿರಡೆ ತೆಗೆದು, ಮುಂಭಾಗ ಸ್ವಲ್ಪ ಎತ್ತರ ಇರುವಂತೆ ಮರದ ದಿಮ್ಮಿಗಳ ಮೇಲೆ ಕೂರಿಸಬೇಕು. ದಿಮ್ಮಿ ನಡುಗಟ್ಟಿನ ಕೆಳಗೆ ಬರಲಿ, ಬರೀ ತೆಳುವಾದ ತಳದ ಕೆಳಗೆ ಅಲ್ಲ. ಮೇಲೆ ಮಡಲಿನ ಚಪ್ಪರ ಸಾಕು. ತಾಡಪತ್ರಿ ಬಿಗಿದು ಕಟ್ಟಿದರೆ ಒಳಗೆ ಬೆವರಿ ಕಟ್ಟಿಗೆ ಕೊಳೆಯುತ್ತದೆ. ಎಂಜಿನ್ನಿಗೆ ಸಿಹಿನೀರು ಹಾಯಿಸಿ, ಪೆಟ್ರೋಲ್ ಪೈಪು ಬಿಚ್ಚಿ ತಾನಾಗಿ ನಿಲ್ಲುವ ತನಕ ಓಡಿಸಿ, ಗೇರಿನ ಎಣ್ಣೆ ಬದಲಿಸಿ, ಬಿಚ್ಚಿ ಮನೆಯೊಳಗೆ ಸ್ಟ್ಯಾಂಡಿಗೆ ನೇರವಾಗಿ ನಿಲ್ಲಿಸಿಡಿ, ಮಲಗಿಸಬೇಡಿ. ನೇರ ನಿಂತರೆ ಒಳಗುಳಿದ ನೀರು ತಾನೇ ಇಳಿದುಹೋಗುತ್ತದೆ. ಟ್ಯಾಂಕಿನಲ್ಲಿ ಮಿಕ್ಕ ಪೆಟ್ರೋಲನ್ನು ನಾಲ್ಕು ತಿಂಗಳು ಇಡದೆ ಬೈಕಿಗೆ ಹಾಕಿ ಮುಗಿಸಿ. ಎರಡು ಸ್ಟ್ರೋಕಿನವರು ಮಾತ್ರ ಹಾಗೆ ಮಾಡಬೇಡಿ, ಅದರಲ್ಲಿ ಎಣ್ಣೆ ಬೆರೆತಿರುತ್ತದೆ.